ಬ್ರೆನ್ನರ್ ಘಾಟಿಯ ಲಾರಿಗಳು

ಕೇಳುಗರಿಗೆ ನಮಸ್ಕಾರ.

ಆಸ್ಟ್ರಿಯಾ ಮತ್ತು ಇಟಲಿ ನಡುವೆ, ಆಲ್ಪ್ಸ್ ಬೆಟ್ಟಸಾಲಿನಲ್ಲಿ ಬ್ರೆನ್ನರ್ ಅಂತ ಒಂದು ಘಾಟಿ ಇದೆ. ಎತ್ತರ ಸುಮಾರು 1370 ಮೀಟರ್. ಆಲ್ಪ್ಸ್ ಲೆಕ್ಕಕ್ಕೆ ತಗ್ಗೇ. ಅದೇ ಅದರ ಗ್ರಹಚಾರ. ದಾಟೋದು ಸುಲಭ ಅಂತ ಜರ್ಮನಿ, ಇಟಲಿ ನಡುವೆ ಓಡಾಡುವ ಲಾರಿಗಳು ಇಲ್ಲಿಗೇ ನುಗ್ಗುತ್ತವೆ. ಈಗ ವರ್ಷಕ್ಕೆ 20 ಲಕ್ಷಕ್ಕೂ ಜಾಸ್ತಿ. ಕೆಳಗಿರುವುದು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯ. ಇಕ್ಕಟ್ಟಾದ ಕಣಿವೆಗಳು. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಕಣಿವೆಯೊಳಗೇ ಕೂತುಬಿಡುತ್ತದೆ, ಅದರ ಜೊತೆಗೆ ಡೀಸೆಲ್ ಹೊಗೆಯೂ.

ಈ ಲಾರಿಗಳಲ್ಲಿ ಬಹಳಷ್ಟು ಆಸ್ಟ್ರಿಯಾದಲ್ಲಿ ಒಂದು ಮೂಟೆ ಇಳಿಸುವುದಿಲ್ಲ, ಒಂದು ಮೂಟೆ ಏರಿಸುವುದಿಲ್ಲ. ಸುಮ್ನೆ ಹಾದುಹೋಗುತ್ತವೆ.

ಆಸ್ಟ್ರಿಯಾ ಇನ್ನೂ ಯುರೋಪಿಯನ್ ಒಕ್ಕೂಟದ ಹೊರಗಿದ್ದಾಗ ಇದಕ್ಕೊಂದು ಉಪಾಯ ಮಾಡಿತು. 1992ರಲ್ಲಿ ಒಪ್ಪಂದ, 1993ರಿಂದ ಜಾರಿ. ಹೆಸರು ಇಕೋ ಪಾಯಿಂಟ್. ನಮ್ಮ ರೇಷನ್ ಕಾರ್ಡ್ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ. ವರ್ಷಕ್ಕೆ ಇಂತಿಷ್ಟು ಪಾಯಿಂಟ್ ಅಂತ ಲೆಕ್ಕ. ಲಾರಿಯ ಎಂಜಿನ್ ಒಂದು ಯೂನಿಟ್ ಶಕ್ತಿಗೆ ಎಷ್ಟು ಗ್ರಾಂ ನೈಟ್ರೋಜನ್ ಆಕ್ಸೈಡ್ ಉಗುಳುತ್ತದೋ, ಒಂದು ಸಲ ಹಾದುಹೋಗಲು ಅಷ್ಟು ಪಾಯಿಂಟ್ ಖರ್ಚು. ಹಳೇ ಎಂಜಿನ್ ಆದರೆ 16. ಹೊಸದಾದರೆ ಕಡಿಮೆ. ಹನ್ನೆರಡು ವರ್ಷದಲ್ಲಿ ಒಟ್ಟು ಹೊಗೆ ಶೇಕಡಾ 60ರಷ್ಟು ಇಳಿಯಬೇಕು ಅನ್ನುವುದು ಗುರಿ. ಹೊಗೆ ಬಿಡುವವನಿಗೇ ಬಿಸಿ ಮುಟ್ಟಿಸುವ ಲೆಕ್ಕ. ನನಗಂತೂ ಇದು ಬಹಳ ಜಾಣತನದ ನಿಯಮ ಅನ್ನಿಸುತ್ತದೆ.

1994ರ ಜೂನ್‌ನಲ್ಲಿ ಆಸ್ಟ್ರಿಯಾದ ಜನ ಮತ ಹಾಕಿದರು. ಮೂರರಲ್ಲಿ ಎರಡು ಪಾಲು ಜನ ಒಕ್ಕೂಟ ಬೇಕು ಅಂದರು. 1995ರ ಜನವರಿ 1ಕ್ಕೆ ದೇಶ ಒಳಗೆ ಹೋಯಿತು. ಒಕ್ಕೂಟದ ಬುನಾದಿ ಅಂದರೆ ಸರಕು ಎಲ್ಲಿಂದ ಎಲ್ಲಿಗಾದರೂ ತಡೆಯಿಲ್ಲದೆ ಹೋಗಬೇಕು. ಹಾಗಿದ್ದರೆ ಪಾಯಿಂಟ್ ಲೆಕ್ಕ? ಸೇರುವಾಗ ಆಸ್ಟ್ರಿಯಾ ಚೌಕಾಸಿ ಮಾಡಿ ಅದನ್ನು ಉಳಿಸಿಕೊಂಡಿತು. ಆದರೆ 2003ರ ಕೊನೆಯವರೆಗೆ ಮಾತ್ರ.

ಅಲ್ಲಿಂದ ಮುಂದೆ ನೋಡಿ, ಆಸ್ಟ್ರಿಯಾ ಏನು ಮಾಡಿದರೂ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕಾಯಿತು. ಮೊದಲು ಟೋಲ್. 1995, 1996ರಲ್ಲಿ ಬ್ರೆನ್ನರ್ ಹೆದ್ದಾರಿಯ ಟೋಲ್ ಏರಿಸಿದರು. ಏರಿಸಿದ್ದು ಈ ತುದಿಯಿಂದ ಆ ತುದಿಯವರೆಗೆ ಹೋಗುವ ದೊಡ್ಡ ಲಾರಿಗಳಿಗೆ ಮಾತ್ರ. ಹಾಗೆ ಹೋಗುವವರು ಯಾರು? ಬಹುಪಾಲು ಹೊರದೇಶದವರು. ಸ್ಥಳೀಯರು ಅರ್ಧ ದಾರಿಯಲ್ಲೇ ಇಳಿದುಕೊಳ್ಳುತ್ತಾರೆ, ಅಲ್ವಾ? ಕಾಗದದ ಮೇಲೆ ಎಲ್ಲರಿಗೂ ಒಂದೇ ದರ, ಒಳಗೆ ಬೇರೆ. ನ್ಯಾಯಾಲಯ ಈ ಚಳಕವನ್ನು ಹಿಡಿದುಹಾಕಿತು. 2000ದಲ್ಲಿ ತೀರ್ಪು ಆಸ್ಟ್ರಿಯಾ ವಿರುದ್ಧ ಬಂತು.

2003ರಲ್ಲಿ ಟಿರೋಲ್ ಇನ್ನೊಂದು ದಾರಿ ಹುಡುಕಿತು. ಬ್ರೆನ್ನರ್‌ಗೆ ಹೋಗುವ ದಾರಿಯಲ್ಲಿ ಸಿಗುವ ಇನ್ ನದಿ ಕಣಿವೆಯ ಹೆದ್ದಾರಿಯಲ್ಲಿ 46 ಕಿಲೋಮೀಟರ್ ಉದ್ದಕ್ಕೆ ಕೆಲವು ಸರಕಿನ ಲಾರಿ ಬರಲೇಬಾರದು ಅಂದಿತು. ಕಸ, ಧಾನ್ಯ, ಮರದ ದಿಮ್ಮಿ, ಅದಿರು, ಕಲ್ಲು, ಮಣ್ಣು. ಇವಕ್ಕೆ ಅವಸರವಿಲ್ಲ, ರೈಲಿನಲ್ಲಿ ಹೋಗಲಿ ಅನ್ನುವ ವಾದ. ನ್ಯಾಯಾಲಯ ತಕ್ಷಣ ತಡೆ ಕೊಟ್ಟಿತು, 2005ರಲ್ಲಿ ನಿಷೇಧವನ್ನೇ ತಳ್ಳಿಹಾಕಿತು. ಅದು ಹೇಳಿದ್ದನ್ನು ಗಮನಿಸಬೇಕು. ಗಾಳಿ ಕಾಪಾಡುವುದು ತಪ್ಪು ಅನ್ನಲಿಲ್ಲ. ರೈಲಿನಲ್ಲಿ ಅಷ್ಟು ಜಾಗ ಇದೆಯಾ ನೋಡಿದಿರಾ, ಬೇರೆ ಹಗುರ ಉಪಾಯ ಪರಿಶೀಲಿಸಿದಿರಾ ಅಂತ ಕೇಳಿತು. ಮತ್ತೆ ನಿಷೇಧ, 2011ರಲ್ಲಿ ಮತ್ತೆ ಸೋಲು. ಈ ಸಲದ ಪ್ರಶ್ನೆ, ಮೊದಲು ಗಂಟೆಗೆ 100 ಕಿಲೋಮೀಟರ್ ವೇಗಮಿತಿ ಕಾಯಂ ಮಾಡಬಹುದಿತ್ತಲ್ಲ? ಸರಿ, 2014ರಲ್ಲಿ ಅದನ್ನೂ ಮಾಡಿದರು. 2016ರಲ್ಲಿ ನಿಷೇಧ ಮತ್ತೆ ತಂದರು. ಪಟ್ಟು ಬಿಡದ ಜನ!

ಅಂದರೆ ಒಕ್ಕೂಟ ಸೇರಿದ ಮೇಲೆ ರಸ್ತೆ ನಿಮ್ಮದೇ, ಗೇಟೂ ನಿಮ್ಮದೇ. ಆದರೆ ಗೇಟು ಯಾಕೆ ಹಾಕಿದಿರಿ ಅಂತ ಪಕ್ಕದ ಮನೆಯವರಿಗೆ ಒಪ್ಪುವಂತೆ ವಿವರಿಸಬೇಕು. ಸಾರಿಗೆ ನೀತಿ ಬರೆಯುವ ಕೈ ಅರ್ಧ ಎಂಜಿನಿಯರನದು, ಅರ್ಧ ವಕೀಲನದು ಆಗಿಬಿಡುತ್ತದೆ.

ಹಾಗಂತ ಆ ನ್ಯಾಯಾಲಯ ಯಾವಾಗಲೂ ಲಾರಿ ಪರ ಅಂತಲ್ಲ. 1998ರ ಜೂನ್‌ನಲ್ಲಿ ಪರಿಸರದವರು ಹೆದ್ದಾರಿಯ ಮೇಲೇ ಕೂತು ಸುಮಾರು 30 ಗಂಟೆ ಬ್ರೆನ್ನರ್ ಬಂದ್ ಮಾಡಿದರು. ದಿನ ಆರಿಸಿದ್ದು ನೋಡಿ. ಹಿಂದಿನ ದಿನ ಗುರುವಾರ ಹಬ್ಬದ ರಜೆ, ಶುಕ್ರವಾರ ಧರಣಿ, ಆಮೇಲೆ ವಾರಾಂತ್ಯದ ಲಾರಿ ನಿಷೇಧ. ನಾಲ್ಕು ದಿನ ಚಕ್ರ ತಿರುಗಲಿಲ್ಲ. ಜರ್ಮನಿಯ ಸಾಗಣೆ ಕಂಪನಿಯೊಂದು ಐದು ಲಾರಿ ನಿಂತುಹೋದವು, 1,40,000 ಶಿಲ್ಲಿಂಗ್ (ಆಗಿನ ಆಸ್ಟ್ರಿಯಾದ ನಾಣ್ಯ) ಕೊಡಿ ಅಂತ ಆಸ್ಟ್ರಿಯಾ ಸರ್ಕಾರದ ಮೇಲೆ ಕೇಸು ಹಾಕಿತು. 2003ರಲ್ಲಿ ನ್ಯಾಯಾಲಯ, ಜನ ಸೇರಿ ಪ್ರತಿಭಟಿಸುವುದೂ ಹಕ್ಕೇ, ಸರ್ಕಾರ ಬಿಟ್ಟಿದ್ದು ತಪ್ಪಲ್ಲ ಅಂದಿತು.

ಪಕ್ಕದ ಸ್ವಿಟ್ಜರ್ಲೆಂಡ್ ಒಕ್ಕೂಟ ಸೇರಲೇ ಇಲ್ಲ. ಅಲ್ಲಿ 28 ಟನ್ನಿಗಿಂತ ಭಾರದ ಲಾರಿಗೆ ಪ್ರವೇಶವಿರಲಿಲ್ಲ. ಅದನ್ನು ತಪ್ಪಿಸಿ ಸುತ್ತು ಹಾಕಿದ ಲಾರಿಗಳೂ ಬ್ರೆನ್ನರ್‌ಗೇ ಬಂದವು. ಕೊನೆಗೆ ಒಕ್ಕೂಟದ ಒತ್ತಡಕ್ಕೆ ಅವರೂ ಬಗ್ಗಿದರು, 2005ರಿಂದ 40 ಟನ್ನಿಗೆ ಒಪ್ಪಿದರು. ಆದರೆ ಬದಲಿಗೆ ಪ್ರತಿ ಕಿಲೋಮೀಟರಿಗೆ ಭಾರದ ಲೆಕ್ಕದಲ್ಲಿ ಶುಲ್ಕ ಗಿಟ್ಟಿಸಿಕೊಂಡರು. ಆ ದುಡ್ಡಿನ ಒಂದು ಪಾಲು 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೋಥಾರ್ಡ್ ರೈಲು ಸುರಂಗಕ್ಕೆ ಹೋಯಿತು. ಇವತ್ತು ಸ್ವಿಸ್ ಆಲ್ಪ್ಸ್ ದಾಟುವ ಸರಕಿನಲ್ಲಿ ಸುಮಾರು ಶೇಕಡಾ 70 ರೈಲಿನಲ್ಲಿ. ಬ್ರೆನ್ನರ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ರಸ್ತೆಯಲ್ಲಿ. ಬ್ರೆನ್ನರ್ ಕೆಳಗೂ 55 ಕಿಲೋಮೀಟರ್ ಸುರಂಗದ ಕೆಲಸ ನಡೆದಿದೆ, ಒಕ್ಕೂಟವೂ ದುಡ್ಡು ಹಾಕುತ್ತಿದೆ. ರೈಲು ಓಡಲು ಇನ್ನೂ ಕಾಯಬೇಕು.

ಅಲ್ಲಿಯವರೆಗೆ? ದಟ್ಟಣೆ ಜಾಸ್ತಿ ಇರುವ ದಿನಗಳಲ್ಲಿ ಟಿರೋಲ್ ಪೊಲೀಸರು ಕುಫ್‌ಸ್ಟೈನ್ ಹತ್ತಿರ ಜರ್ಮನಿಯಿಂದ ಬರುವ ಲಾರಿಗಳನ್ನು ಎಣಿಸಿ ಬಿಡುತ್ತಾರೆ, ಗಂಟೆಗೆ ಸುಮಾರು 300. ಯಾವ್ಯಾವ ದಿನ ಅನ್ನುವ ಪಟ್ಟಿ ಮೊದಲೇ ಪ್ರಕಟವಾಗುತ್ತದೆ, ನಮ್ಮಲ್ಲಿ ಕರೆಂಟ್ ತೆಗೆಯುವ ದಿನದ ಪ್ರಕಟಣೆ ಬರುತ್ತದಲ್ಲ, ಹಾಗೆ. ಸಾಲು ಜರ್ಮನಿಯ ಬವೇರಿಯಾದೊಳಕ್ಕೆ ಬೆಳೆಯುತ್ತದೆ. 2024ರಲ್ಲಿ ಇಟಲಿ ಇದರ ವಿರುದ್ಧವೂ ಲಕ್ಸೆಂಬರ್ಗ್‌ಗೆ ಹೋಯಿತು.

ನಮಸ್ಕಾರ.