ದೇಶದ ಜೆರ್ಸಿ, ಬೆಂಚಿನ ಕುರ್ಚಿ

ಕೇಳುಗರಿಗೆಲ್ಲ ನಮಸ್ಕಾರ. ಕಾಲೇಜು ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳು, ಅವರನ್ನು ಬೆಳ್ಳಂಬೆಳಿಗ್ಗೆ ಕೋರ್ಟಿಗೆ ಬಿಟ್ಟು ಬರುವ ಅಪ್ಪ ಅಮ್ಮಂದಿರು, ವಿಸಿಲ್ ಹಿಡಿದ ಪಿ.ಟಿ. ಮೇಷ್ಟ್ರುಗಳು, ನೀವೇ ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ.

ಕಾಲೇಜು ಹುಡುಗನೊಬ್ಬ ದೇಶದ ಕಿರಿಯರ ತಂಡಕ್ಕೆ ಆಯ್ಕೆಯಾದ ಅಂತ ಇಟ್ಟುಕೊಳ್ಳಿ. ಪೇಪರಿನಲ್ಲಿ ಫೋಟೊ ಬರುತ್ತದೆ. ಕಾಲೇಜು ಗೇಟಿಗೆ ಫ್ಲೆಕ್ಸ್ ಕಟ್ಟುತ್ತಾರೆ. ಹಾರ, ಶಾಲು, ಪ್ರಿನ್ಸಿಪಾಲರ ಭಾಷಣ. ಆಮೇಲೆ ಏನಾಗುತ್ತದೆ ಅಂತ ಮಾತ್ರ ಯಾರೂ ಆ ಹುಡುಗನಿಗೆ ಹೇಳುವುದಿಲ್ಲ. ನಾನು ಹೇಳುತ್ತೇನೆ. ಕಾಲೇಜಿನಲ್ಲಿ ನೀನು ಮಾಡುತ್ತಿದ್ದ ಕೆಲಸ ಅಲ್ಲಿ ನಿನ್ನದಲ್ಲ. ಅಲ್ಲಿ ಬೇರೆ ಕೆಲಸ ಕೊಡುತ್ತಾರೆ. ಅದನ್ನು ಮಾಡಬೇಕು. ನನ್ನ ಮಾತು ಇಷ್ಟೇ.

ಇದಕ್ಕೆ ನಾನು ಯಾವಾಗಲೂ ಹೇಳುವ ಕಥೆ ಒಂದಿದೆ. ನಾನು ಕೋಚ್ ಮಾಡುವ ಹುಡುಗರಿಗೆ ಕೇಳಿ ಕೇಳಿ ಸಾಕಾಗಿದೆ, ನಿಮಗೆ ಹೊಸದಿರಬಹುದು.

ಸ್ಟೀಫನ್ ಕರಿ ಗೊತ್ತಲ್ವಾ? ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಆಟವನ್ನೇ ಬದಲಾಯಿಸಿದವನು. ಅಪ್ಪ ಡೆಲ್ ಕರಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡಿದವರು. ಆದರೂ ಮಗ ಸಣಕಲು ಅಂತ ದೊಡ್ಡ ಕಾಲೇಜುಗಳು ಸ್ಕಾಲರ್‌ಶಿಪ್ ಕೊಡಲಿಲ್ಲ. ಅಪ್ಪ ಓದಿದ ವರ್ಜೀನಿಯಾ ಟೆಕ್ ಕೂಡ ಕೊಡಲಿಲ್ಲ. ಕೊನೆಗೆ ಸೇರಿದ್ದು ನಾರ್ತ್ ಕ್ಯಾರೊಲಿನಾದ ಡೇವಿಡ್‌ಸನ್ ಅನ್ನುವ ಪುಟ್ಟ ಕಾಲೇಜಿಗೆ. ಅಲ್ಲಿ ಓದುವವರು 2,000 ಕೂಡ ಇಲ್ಲ. ಆಗ ಅಲ್ಲಿನ ಕೋಚ್ ಬಾಬ್ ಮೆಕಿಲಪ್.

2006ರ ನವೆಂಬರ್. ಹುಡುಗನ ಮೊದಲ ಕಾಲೇಜು ಪಂದ್ಯ, ಈಸ್ಟರ್ನ್ ಮಿಷಿಗನ್ ಎದುರು. ಎಷ್ಟು ಸಲ ಚೆಂಡು ಎದುರಾಳಿಗೆ ಬಿಟ್ಟುಕೊಟ್ಟ ಗೊತ್ತಾ? 13 ಸಲ! ಒಂದೇ ಪಂದ್ಯದಲ್ಲಿ 13 ಟರ್ನೋವರ್. ನಮ್ಮ ಕಡೆ ಆಗಿದ್ದರೆ ಐದಕ್ಕೇ ಕೋಚ್ ಟವೆಲ್ ಎಸೆದು ಕೂಗಾಡುತ್ತಿದ್ದರು, ಹುಡುಗ ಸೀಸನ್ ಪೂರ್ತಿ ನೀರಿನ ಬಾಟಲಿ ಕೊಡುತ್ತಾ ಕೂತಿರುತ್ತಿದ್ದ. ಮೆಕಿಲಪ್ ಅವನನ್ನು ಕೂರಿಸಲಿಲ್ಲ, ಆಡಿಸುತ್ತಲೇ ಹೋದರು. ಹಿಂದೆ ಬಿದ್ದಿದ್ದ ತಂಡ ಗೆದ್ದಿತು. ಮುಂದಿನ ಪಂದ್ಯ ಮಿಷಿಗನ್ ವಿರುದ್ಧ. ಅದೇ ಹುಡುಗ 32 ಪಾಯಿಂಟ್ ಹೊಡೆದ. ಆ ವರ್ಷದ ಅವನ ಸರಾಸರಿ ಪಂದ್ಯಕ್ಕೆ 21.5.

ಈಗ ನಾನು ಹೇಳಬೇಕಾದ ಜಾಗಕ್ಕೆ ಬಂದೆ. 2007ರ ಜುಲೈ. ನಮಗೆ ಮಳೆಗಾಲ, ಅಮೆರಿಕದ ಕಾಲೇಜುಗಳಿಗೆ ಬೇಸಿಗೆ ರಜೆ. ಸರ್ಬಿಯಾದ ನೊವಿ ಸಾದ್ ನಗರದಲ್ಲಿ 19 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್. ಅಮೆರಿಕ ತಂಡದ 12 ಜನರಲ್ಲಿ ಸ್ಟೀಫನ್ ಒಬ್ಬ. ಜೊತೆಗೆ ಮೈಕಲ್ ಬೀಸ್ಲಿ, ಡಿಆಂಡ್ರೆ ಜೋರ್ಡನ್, ಪ್ಯಾಟ್ರಿಕ್ ಬೆವರ್ಲಿ. ಎಲ್ಲರೂ ಅವರವರ ಊರಲ್ಲಿ ರಾಜರು. ಚೆಂಡು ಮಾತ್ರ ಒಂದೇ!

ಅಲ್ಲಿ ಸ್ಟೀಫನ್ ಸರಾಸರಿ ಎಷ್ಟು? 9.4. ಕಾಲೇಜಿನಲ್ಲಿ 21.5, ಇಲ್ಲಿ 9.4. ಪಂದ್ಯದ ಅರ್ಧ ಹೊತ್ತು ಬೆಂಚಿನ ಮೇಲೆ. ಕೋರ್ಟಿಗೆ ಇಳಿದಾಗ ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ವಾಪಸ್ ಬಂದ ಚೆಂಡು, ಹಿಡಿಯಬೇಕು, ಪಾಸ್ ಕೊಡಬೇಕು, ತನ್ನ ಎದುರು ನಿಂತವನನ್ನು ತಡೆಯಬೇಕು. ಹೇಳಿದ್ದೆನಲ್ಲ, ಬೇರೆ ಕೆಲಸ. ಫೈನಲ್‌ನಲ್ಲಿ ಆತಿಥೇಯ ಸರ್ಬಿಯಾ 74-69ರಲ್ಲಿ ಗೆದ್ದಿತು. ಅಮೆರಿಕಕ್ಕೆ ಬೆಳ್ಳಿ. ಆ ದೇಶದಲ್ಲಿ ಬೆಳ್ಳಿ ತಂದರೆ ಯಾರೂ ಫ್ಲೆಕ್ಸ್ ಕಟ್ಟುವುದಿಲ್ಲ ಬಿಡಿ.

ಆದರೆ ಮುಂದಿನ ಮಾರ್ಚ್‌ನಲ್ಲಿ ನೋಡಿ. 2008ರ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಗೊನ್ಜಾಗಾ ಎದುರು 40 ಪಾಯಿಂಟ್. ಆ ಪುಟ್ಟ ಕಾಲೇಜು ಕೊನೆಯ ಎಂಟಕ್ಕೆ ಹೋಗಿ, ಕ್ಯಾನ್ಸಸ್ ಎದುರು ಎರಡೇ ಪಾಯಿಂಟಿನಲ್ಲಿ ಸೋತಿತು. 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಅದೇ ಸರ್ಬಿಯಾ. ಅಮೆರಿಕ 17 ಪಾಯಿಂಟ್ ಹಿಂದೆ ಬಿದ್ದಿತ್ತು. ಸ್ಟೀಫನ್ 36 ಹೊಡೆದು ಗೆಲ್ಲಿಸಿದ. ಬೆಂಚಿನಲ್ಲಿ ಕೂತದ್ದಕ್ಕೇ ಹೀಗಾಯಿತಾ ಅಂತ ನನ್ನ ಜೊತೆ ವಾದ ಮಾಡುವವರಿಗೆ ನಾನು ಉತ್ತರ ಕೊಡುವುದಿಲ್ಲ. ನನಗೆ ಅನುಮಾನವೇ ಇಲ್ಲ.

ಇನ್ನು ಉಳಿದದ್ದು ಬೇಗ ಬೇಗ. ಕೆಲಸ ಯಾಕೆ ಬದಲಾಗುತ್ತದೆ? ಒಂದು, ಆಟವೇ ಬೇರೆ. ಅಮೆರಿಕದ ಕಾಲೇಜು ಹುಡುಗರು 20 ನಿಮಿಷದ ಎರಡು ಭಾಗ ಆಡುತ್ತಾರೆ. ಅಂತರರಾಷ್ಟ್ರೀಯ ಪಂದ್ಯ 10 ನಿಮಿಷದ ನಾಲ್ಕು ಭಾಗ. ಆಗ ಕಾಲೇಜಿನಲ್ಲಿ ಶಾಟ್ ಹೊಡೆಯಲು 35 ಸೆಕೆಂಡ್ ಇತ್ತು, ಅಲ್ಲಿ 24. ಅಲ್ಲಿ ಚೆಂಡು ರಿಂಗ್‌ಗೆ ತಾಗಿದ ಮೇಲೆ, ಇನ್ನೂ ರಿಂಗಿನ ಮೇಲಿರುವಾಗಲೇ ಅದನ್ನು ಯಾರು ಬೇಕಾದರೂ ತಳ್ಳಿಬಿಡಬಹುದು, ಕಾಲೇಜಿನಲ್ಲಿ ಅದು ತಪ್ಪು. 24 ಸೆಕೆಂಡಿನಲ್ಲಿ ಒಬ್ಬನೇ ಡ್ರಿಬಲ್ ಮಾಡಿಕೊಂಡು ಊರು ಸುತ್ತಲು ಹೊತ್ತೆಲ್ಲಿದೆ? ಎರಡನೆಯದು ಸುಸ್ತು. ನೊವಿ ಸಾದ್‌ನಲ್ಲಿ ಅಮೆರಿಕ ಆಡಿದ್ದು 11 ದಿನದಲ್ಲಿ 9 ಪಂದ್ಯ. ಐವರಿಂದ ಆಗುವ ಮಾತಲ್ಲ, 12 ಜನವೂ ಬೇಕು.

ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಇಲ್ಲಿ ಆಡುವುದೇ 24 ಸೆಕೆಂಡಿನ ಆಟ, ನಿಯಮ ಹೊಸದಾಗಿ ಕಲಿಯಬೇಕಿಲ್ಲ. 2017ರ ಜುಲೈನಲ್ಲಿ ಬೆಂಗಳೂರಿನಲ್ಲೇ ಮಹಿಳೆಯರ ಏಷ್ಯಾ ಕಪ್‌ನ ಬಿ ಡಿವಿಷನ್, ಅಂದರೆ ಎರಡನೇ ಹಂತದ ಟೂರ್ನಿ, ನಡೆಯಿತು. ಫೈನಲ್‌ನಲ್ಲಿ ಭಾರತ ಕಜಾಕಸ್ತಾನವನ್ನು 75-73ರಲ್ಲಿ ಸೋಲಿಸಿತು. ಎರಡು ಪಾಯಿಂಟ್! ಬೆಂಚಿನಿಂದ ಎದ್ದು ಬಂದವಳು ಹಿಡಿಯುವ ಒಂದು ರಿಬೌಂಡ್ ಸಾಕು ಅಷ್ಟಕ್ಕೆ. ಇದರ ಬಗ್ಗೆ ಇನ್ನೂ ಹೇಳುವ ಆಸೆ ಇತ್ತು, ಸಮಯ ಇಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ನನಗೆ ಫೋನ್ ಮಾಡಿ, ನಮ್ಮ ಹುಡುಗನನ್ನು ಯಾಕೆ ಮೊದಲ ಐವರಲ್ಲಿ ಇಳಿಸಲಿಲ್ಲ ಸಾರ್ ಅಂತ ದಯವಿಟ್ಟು ಕೇಳಬೇಡಿ. ಅವನು ಮನೆಗೆ ಬಂದಾಗ, ಇವತ್ತು ಯಾರನ್ನು ಗಾರ್ಡ್ ಮಾಡಿದೆ ಅಂತ ಅವನನ್ನೇ ಕೇಳಿ. ಮೇಷ್ಟ್ರುಗಳೇ, ನಾಳೆ ಅಭ್ಯಾಸದಲ್ಲಿ ನಿಮ್ಮ ತಂಡದ ಅತಿ ಜಾಸ್ತಿ ಸ್ಕೋರ್ ಮಾಡುವವನಿಗೆ ಹತ್ತು ನಿಮಿಷ ಶಾಟ್ ಹೊಡೆಯಬೇಡ ಅನ್ನಿ. ಪಾಸ್, ಸ್ಕ್ರೀನ್ (ಜೊತೆಗಾರನಿಗೆ ದಾರಿ ಮಾಡಿಕೊಡಲು ಎದುರಾಳಿಗೆ ಅಡ್ಡ ನಿಲ್ಲುವುದು), ಡಿಫೆನ್ಸ್ ಅಷ್ಟೇ. ಮುಖ ಊದಿಸಿಕೊಳ್ಳುತ್ತಾನೆ, ಊದಿಸಿಕೊಳ್ಳಲಿ. ನಮಸ್ಕಾರ.