ಡ್ಯೂಟಿ ಮುಗಿದ ಮೇಲಿನ ಡ್ಯೂಟಿ

ನಮಸ್ಕಾರ. ಮೊದಲೇ ನನ್ನದೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹೊರದೇಶದಲ್ಲಿ ನರ್ಸ್ ಆಗಿರುವ ನಮ್ಮ ಸಂಬಂಧಿಕರೊಬ್ಬರಿಗೆ ಎರಡು ವರ್ಷದ ಹಿಂದೆ ಅಪ್ಪನ ರಕ್ತಪರೀಕ್ಷೆಯ ರಿಪೋರ್ಟ್ ಕಳಿಸಿದ್ದೆ. "ಅಕ್ಕಾ, ಇದೊಂದು ಸ್ವಲ್ಪ ನೋಡಿ" ಅಂತ. ಹತ್ತು ನಿಮಿಷದಲ್ಲಿ ಉತ್ತರ ಬರಲಿಲ್ಲ, ಫೋನೇ ಮಾಡಿಬಿಟ್ಟೆ. ಎತ್ತಿದರು. ರಿಪೋರ್ಟ್ ಓದಿದರು, ಯಾವ ಡಾಕ್ಟರ ಹತ್ತಿರ ಹೋಗಬೇಕು, ಏನೇನು ಕೇಳಬೇಕು ಅಂತ ಬಿಡಿಸಿ ಹೇಳಿದರು. ಇಡುವಾಗ ಕೇಳಿದೆ, ಅಲ್ಲಿ ಈಗೆಷ್ಟು ಗಂಟೆ? ಬೆಳಗ್ಗೆ ಹತ್ತೂವರೆ ಅಂದರು. ಸದ್ಯ, ಹೊತ್ತಲ್ಲದ ಹೊತ್ತಲ್ಲಿ ಮಾಡಲಿಲ್ಲ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರದು ನೈಟ್ ಡ್ಯೂಟಿ. ಬೆಳಗ್ಗೆ ಹತ್ತೂವರೆ ಅಂದರೆ ಅವರಿಗೆ ನಡುರಾತ್ರಿ.

ಇಂಥವರ ಬಗ್ಗೆ ನಾವು ಆಡುವ ಮಾತಿದೆಯಲ್ಲ, ತ್ಯಾಗಮಯಿ, ದೇವತೆ, ಕುಟುಂಬಕ್ಕಾಗಿ ಜೀವ ಸವೆಸಿದವರು, ಅದೇ ನನ್ನ ತಕರಾರು. ದೇವತೆ ಅಂದಮೇಲೆ ನಿದ್ದೆ ಬೇಡ, ಸುಸ್ತಾಗುವುದಿಲ್ಲ, ಇಲ್ಲ ಅನ್ನುವ ಹಕ್ಕಂತೂ ಮೊದಲೇ ಇಲ್ಲ. ಹೊಗಳಿಕೆ ಬಹಳ ಅಗ್ಗದ ಸಂಬಳ ಕಣ್ರೀ.

ಈ ಹೊಗಳಿಕೆ ಹಳೆಯದು, ಅದರ ಹಿಂದಿನ ಲೆಕ್ಕಾಚಾರವೂ ಹಳೆಯದು. ಬ್ರಿಟನ್ನಿನಲ್ಲಿ 1948ರಲ್ಲಿ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಶುರುವಾದಾಗ ನರ್ಸ್‌ಗಳು ಸಾಲಲಿಲ್ಲ. ಕೆರಿಬಿಯನ್ ದ್ವೀಪಗಳಿಂದ ಹುಡುಗಿಯರನ್ನು ಕರೆಸಿಕೊಂಡರು. ಆಗ ಅಲ್ಲಿ ಎರಡು ದಾರಿ ಇತ್ತು. ಮೂರು ವರ್ಷ ಓದಿದರೆ ಎಸ್‌ಆರ್‌ಎನ್ (ಸ್ಟೇಟ್ ರಿಜಿಸ್ಟರ್ಡ್ ನರ್ಸ್), ಮುಂದೆ ಬಡ್ತಿ ಉಂಟು. ಎರಡು ವರ್ಷ ಓದಿದರೆ ಎಸ್‌ಇಎನ್ (ಸ್ಟೇಟ್ ಎನ್ರೋಲ್ಡ್ ನರ್ಸ್), ಜೀವನವಿಡೀ ಬಹುತೇಕ ಅಲ್ಲಿಗೇ ನಿಲ್ಲಬೇಕು. ಬಂದವರಲ್ಲಿ ಎಷ್ಟೋ ಜನರನ್ನು ಸುಮ್ನೆ ಎರಡನೇ ದಾರಿಗೆ ತಳ್ಳಿದರು. ಎರಡಕ್ಕೂ ವ್ಯತ್ಯಾಸವಿದೆ ಅಂತಲೇ ಎಷ್ಟೋ ಜನಕ್ಕೆ ಯಾರೂ ಹೇಳಲಿಲ್ಲ. ವಾಪಸ್ ಹೋಗೋಣ ಅಂದರೆ ಆ ಸರ್ಟಿಫಿಕೇಟಿಗೆ ಅವರ ಸ್ವಂತ ದೇಶದಲ್ಲೇ ಬೆಲೆ ಇರಲಿಲ್ಲ. ಹಾಗಂತ ರೋಗಿಯ ಮೈ ಒರೆಸುವುದು, ಹಾಸಿಗೆ ಬದಲಿಸುವುದು ನಿಂತಿತಾ? ಇಲ್ಲ.

ಈಗ ಹಾಗಿಲ್ಲ, ಸರಿ. ಈಗ ಪರೀಕ್ಷೆಗಳಿವೆ. ಹತ್ತು ವರ್ಷ ಐಸಿಯುನಲ್ಲಿ ದುಡಿದವರೂ ಮತ್ತೆ ಮಕ್ಕಳ ಹಾಗೆ ಪುಸ್ತಕ ಹಿಡಿದು ಕೂರಬೇಕು. ಅಮೆರಿಕದಲ್ಲಿ ನರ್ಸ್ ಲೈಸೆನ್ಸಿಗೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಅಂತೂ ವಿಚಿತ್ರ. ಸರಿಯುತ್ತರ ಕೊಟ್ಟಷ್ಟೂ ಪ್ರಶ್ನೆ ಕಷ್ಟವಾಗುತ್ತಾ ಹೋಗುತ್ತದೆ, ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150, ನಡುವೆ ಎಲ್ಲಿ ಬೇಕಾದರೂ ಕಂಪ್ಯೂಟರ್ ತಟ್ಟನೆ ನಿಂತುಬಿಡಬಹುದು, ಪಾಸಾಗಿಯೂ ನಿಂತಿರಬಹುದು ಫೇಲಾಗಿಯೂ ನಿಂತಿರಬಹುದು. ಮನೆಯಲ್ಲಿ ಮಗುವನ್ನು ಮಲಗಿಸಿ, ಡ್ಯೂಟಿ ಮುಗಿಸಿ, ಇದಕ್ಕೆ ಓದಬೇಕು. ಊರಲ್ಲಿ ಉಳಿದ ನಾವು "ಅವರಿಗೇನು, ಡಾಲರ್ ಎಣಿಸುತ್ತಾರೆ" ಅನ್ನುತ್ತೇವೆ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೌದು, ಅವರು ದುಡ್ಡಿಗಾಗಿಯೇ ಹೋಗಿದ್ದು. ತಪ್ಪೇನು? ತಮ್ಮನ ಫೀಸು, ತಂಗಿಯ ಮದುವೆ, ಮನೆಯ ಸಾಲ ಎಲ್ಲಾ ಅದರಿಂದಲೇ ತೀರಿದ್ದು. ಆಮೇಲೆ "ಪಾಪ" ಅನ್ನುವವರೂ ಇದ್ದಾರೆ, ಅದೂ ನನಗೆ ಹಿಡಿಸುವುದಿಲ್ಲ. ಅವರು ಬಲಿಪಶು ಅಲ್ಲ, ಕೆಲಸದಲ್ಲಿ ಪಳಗಿದವರು. ಆ ಕೆಲಸದ ಬಗ್ಗೆ ಹೆಮ್ಮೆಯೂ ಇದೆ.

ಕೋವಿಡ್ ಬಂದಾಗ ಲೆಕ್ಕ ಬಯಲಿಗೆ ಬಂತು. ಅಮೆರಿಕದ ನರ್ಸ್‌ಗಳಲ್ಲಿ ಫಿಲಿಪಿನೊ ಮೂಲದವರು ಸುಮಾರು ನೂರಕ್ಕೆ 4 ಮಂದಿ. ಅಲ್ಲಿನ ನರ್ಸ್‌ಗಳ ಯೂನಿಯನ್ 2020ರ ಸೆಪ್ಟೆಂಬರಿನಲ್ಲಿ ಪಟ್ಟಿ ಮಾಡಿದಾಗ, ಕೋವಿಡ್‌ನಿಂದ ತೀರಿಕೊಂಡ 213 ನರ್ಸ್‌ಗಳಲ್ಲಿ 67 ಜನ ಅವರೇ. ಅದೇ ಡಿಸೆಂಬರ್ 8ಕ್ಕೆ ಬ್ರಿಟನ್ನಿನಲ್ಲಿ ಮೊದಲ ಕೋವಿಡ್ ಲಸಿಕೆ ಹಾಕಿದ ಮೇ ಪಾರ್ಸನ್ಸ್ ಕೂಡ ಫಿಲಿಪೀನ್ಸ್‌ನಿಂದ ಬಂದವರು. ಆ ಫೋಟೋ ಜಗತ್ತೆಲ್ಲಾ ನೋಡಿತು, ಚಪ್ಪಾಳೆಯೂ ಬಿತ್ತು. ಆ 67ರ ಸಂಖ್ಯೆ ಎಷ್ಟು ಜನರಿಗೆ ನೆನಪಿದೆ?

ಇನ್ನು ಸಮುದಾಯದ ಕಥೆ. ಹೊರದೇಶದಲ್ಲಿ ನಮ್ಮವರು ನಾಲ್ಕು ಮನೆ ಇದ್ದರೆ ಸಾಕು, ನರ್ಸ್ ಇರುವ ಮನೆಯೇ ಎಲ್ಲರಿಗೂ ಆಸ್ಪತ್ರೆ. ಹೊಸದಾಗಿ ಬಂದ ಬಸುರಿಗೆ ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಹೇಳುವುದು ಇವರು, ಭಾಷೆ ಬಾರದ ಅಜ್ಜನ ಜೊತೆ ತುರ್ತು ವಿಭಾಗದಲ್ಲಿ ಆರು ಗಂಟೆ ಕೂರುವುದು ಇವರು, ಯಾರಾದರೂ ತೀರಿಕೊಂಡರೆ ಕಾಗದಪತ್ರ ಓಡಾಡಿ ಮಾಡಿಸುವುದೂ ಇವರೇ. ರಜೆಯ ದಿನ ಅಂತ ಒಂದಿರುತ್ತದೆ, ಅದು ಹೀಗೆ ಕಳೆಯುತ್ತದೆ. ಕರೆಯದೆಯೂ ಹೋಗುತ್ತಾರೆ, ಅದು ನಿಜ. ಪ್ರೀತಿ ಇಲ್ಲದೆ ಯಾರೂ ಇಷ್ಟು ಮಾಡುವುದಿಲ್ಲ. ಆದರೆ ಪ್ರೀತಿ ಇದೆ ಅಂತ ಗೊತ್ತಾದ ತಕ್ಷಣ ಕೇಳುವ ನಾಚಿಕೆ ನಮಗೆ ಹೊರಟುಹೋಗುತ್ತದೆ, ಅಲ್ವಾ?

ನನಗೆ ಎಲ್ಲಕ್ಕಿಂತ ಕಷ್ಟವಾಗುವುದು ಬೇರೆ ವಿಷಯ. ಯಾರದೋ ತಾಯಿಗೆ ಮಗ್ಗುಲು ಬದಲಿಸುವ ಹೊತ್ತಿಗೆ, ಇವರ ತಾಯಿಗೆ ಇನ್ಯಾರೋ ಸಂಬಳದ ಆಯಾ ಮಗ್ಗುಲು ಬದಲಿಸುತ್ತಿರುತ್ತಾರೆ. ಆ ಆಯಾ ಕೂಡ ತನ್ನ ಮಗುವನ್ನು ಯಾರ ಹತ್ತಿರವೋ ಬಿಟ್ಟು ಬಂದಿರುತ್ತಾಳೆ. ಅಕ್ಕ ಒಮ್ಮೆ ಹೇಳಿದ್ದರು, ವಿಡಿಯೋ ಕಾಲ್‌ನಲ್ಲಿ ಅಮ್ಮನ ಮುಖ ನೋಡುವುದಿಲ್ಲವಂತೆ, ಮೊದಲು ಪಾದ ತೋರಿಸು ಅನ್ನುತ್ತಾರಂತೆ. ಊತ ಇದೆಯಾ ನೋಡಬೇಕಲ್ಲ. ಅಮ್ಮನಿಗೆ ಸಿಟ್ಟು, "ನಾನೇನು ನಿನ್ನ ಪೇಷೆಂಟಾ?" ಅಂತ.

ಮೊನ್ನೆ ಅಪ್ಪನ ರಿಪೋರ್ಟ್ ಮತ್ತೆ ಬಂತು. ಕೈ ತಾನಾಗಿ ಅಕ್ಕನ ಹೆಸರಿನ ಮೇಲೆ ಹೋಯಿತು. ತಡೆದುಕೊಂಡೆ. ಇಲ್ಲೇ ಡಾಕ್ಟರಿಗೆ ತೋರಿಸಿದರಾಯಿತು ಅಂದುಕೊಂಡೆ. ಆಮೇಲೆ ಬರೀ ಇಷ್ಟು ಮೆಸೇಜ್ ಹಾಕಿದೆ: "ಅಕ್ಕಾ, ಈ ವಾರ ನೈಟಾ, ಡೇನಾ? ನಿದ್ದೆ ಸರಿಯಾಗುತ್ತಿದೆಯಾ?"

ಅರ್ಧ ನಿಮಿಷದಲ್ಲಿ ಉತ್ತರ ಬಂತು. "ನೈಟ್. ಯಾಕೋ, ಅಪ್ಪ ಹುಷಾರಾಗಿದ್ದಾರಾ? ರಿಪೋರ್ಟ್ ಕಳಿಸು."