ಕತ್ತಲೆ ಊರಿನ ಕಛೇರಿಗಳು

ಕೇಳುಗರೇ, ನಮಸ್ಕಾರ. ಚಳಿಗಾಲದಲ್ಲಿ ಉತ್ತರ ನಾರ್ವೆಯ ಟ್ರೊಮ್ಸೊಗೆ ಹೊರಟೆ ಅಂದರೆ ಎಲ್ಲರ ಪ್ರಶ್ನೆ ಒಂದೇ. ಆಕಾಶದ ಹಸಿರು ಬೆಳಕು, ಅದೇ ಅರೋರಾ, ನೋಡೋಕಾ ಅಂತ. ನಾನು ಹೋಗಿದ್ದು ಸಂಗೀತ ಕೇಳೋಕೆ. ಆ ಬೆಳಕಿನ ಹೆಸರನ್ನೇ ಇಟ್ಟುಕೊಂಡ ಒಂದು ಸಂಗೀತೋತ್ಸವ ಅಲ್ಲಿ 1980ರ ದಶಕದಿಂದ ನಡೆಯುತ್ತಿದೆ. ಜನವರಿ ಕೊನೆಗೆ ಶುರುವಾಗಿ ಫೆಬ್ರವರಿಗೆ ಕಾಲಿಡುತ್ತದೆ. ಆರ್ಕೆಸ್ಟ್ರಾ, ಜಾಜ್, ಆಪೆರಾ, ಹೊಸ ಪ್ರಯೋಗಗಳು ಎಲ್ಲಾ ಇರುತ್ತವೆ. ಅರೋರಾ ನಂಬಿಕೊಂಡು ಹೋದವರು ಮೋಡ ನೋಡಿ ವಾಪಸ್ ಬರುವುದುಂಟು, ಕಛೇರಿ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ.

ಆ ಹೊತ್ತಿನಲ್ಲೇ ಯಾಕೆ ಉತ್ಸವ? ಊರು ಇರುವುದು ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ಆಮೇಲೂ ಸುತ್ತಲಿನ ಬೆಟ್ಟಗಳು ಅಡ್ಡ ಇರುವುದರಿಂದ ಊರಿನ ಒಳಗೆ ಬಿಸಿಲು ಕಾಣುವಾಗ ಜನವರಿ 21 ಆಗಿಬಿಡುತ್ತದೆ. ಆ ದಿನಕ್ಕೆ ಸೂರ್ಯನ ಬನ್ ಅಂತ ಒಂದು ತಿಂಡಿ. ಅಂಗಡಿ ಅಂಗಡಿಯಲ್ಲೂ ಅದೇ. ಅಲ್ಲಿಂದ ದಿನಕ್ಕೆ ಸುಮಾರು 10 ನಿಮಿಷದಂತೆ ಬೆಳಕು ಹಿಗ್ಗುತ್ತಾ ಹೋಗುತ್ತದೆ, ಆದರೂ ಸಂಜೆ ಮೂರಕ್ಕೆಲ್ಲಾ ಕತ್ತಲು. ಇಷ್ಟುದ್ದದ ಸಂಜೆಯನ್ನು ಏನು ಮಾಡುವುದು? ಸಂಗೀತ ಕೇಳುವುದು. ನನಗಂತೂ ಇದು ತುಂಬಾ ಸರಿಯಾದ ಉಪಾಯ ಅನ್ನಿಸಿತು.

ಚಳಿಯ ಬಗ್ಗೆ ಜಾಸ್ತಿ ಹೆದರಬೇಡಿ. ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಆ ಕರಾವಳಿವರೆಗೂ ಬರುವುದರಿಂದ ಬಂದರು ಹೆಪ್ಪುಗಟ್ಟುವುದಿಲ್ಲ. ಜನವರಿಯ ಸರಾಸರಿ ಸೊನ್ನೆಗಿಂತ ಮೂರ್ನಾಲ್ಕು ಡಿಗ್ರಿ ಕೆಳಗೆ ಅಷ್ಟೆ. ತೊಂದರೆ ಇರುವುದು ನೆಲದಲ್ಲಿ. ಹಿಮ ಸ್ವಲ್ಪ ಕರಗಿ ಮತ್ತೆ ಗಟ್ಟಿಯಾದಾಗ ರಸ್ತೆ ಪೂರ್ತಿ ಜಾರುಬಂಡೆ! ಬೂಟಿನ ಅಡಿಗೆ ಹಾಕಿಕೊಳ್ಳುವ ಮುಳ್ಳಿನ ಪಟ್ಟಿ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ, ಮೊದಲ ದಿನವೇ ತಗೊಳ್ಳಿ.

ಇನ್ನು ವಾದ್ಯಗಳ ಪಾಡು. ನಮ್ಮ ಮೃದಂಗದವರಿಗೆ ಮಳೆಗಾಲದ ತೇವ ಎಷ್ಟು ಕಾಟ ಕೊಡುತ್ತದೆ ಅಂತ ನಿಮಗೆ ಗೊತ್ತೇ ಇದೆ, ಅಲ್ವಾ? ಅಲ್ಲಿ ಅದರ ಉಲ್ಟಾ. ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನ ಅಂಶ ಕಡಿಮೆ, ಅದನ್ನೇ ಒಳಗೆ ತಂದು ಹೀಟರಿನಲ್ಲಿ ಕಾಯಿಸಿದಾಗ ಇನ್ನೂ ಒಣಗಿದ ಹಾಗಾಗುತ್ತದೆ, ಪಿಟೀಲಿನ ಮರ ಕುಗ್ಗುತ್ತದೆ, ಕೆಲವೊಮ್ಮೆ ಸೀಳು ಬಿಡುತ್ತದೆ. ಅದಕ್ಕೇ ಹೊರಗಿನಿಂದ ತಂದ ಪೆಟ್ಟಿಗೆಯನ್ನು ತಕ್ಷಣ ತೆರೆಯಬಾರದು. ಕೊಠಡಿಯ ಬಿಸಿ ನಿಧಾನವಾಗಿ ಒಳಗೆ ಇಳಿಯಬೇಕು. ಕೊಳಲಿನಂಥ ಊದುವ ವಾದ್ಯಗಳ ಕಥೆ ಬೇರೆ. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, ಸೊನ್ನೆ ಡಿಗ್ರಿಯಲ್ಲಿ 331. ನೋಡೋಕೆ ಸಣ್ಣ ವ್ಯತ್ಯಾಸ. ಆದರೆ ಕೊಳಲಿನ ಒಳಗಿನ ಗಾಳಿ ಅಷ್ಟು ತಣ್ಣಗಾದರೆ ಶ್ರುತಿ ಅರ್ಧ ಸ್ವರದ ಅರ್ಧಕ್ಕಿಂತಲೂ ಜಾಸ್ತಿ ಕೆಳಗೆ ಇಳಿಯುತ್ತದೆ, ಪಿಟೀಲಿನವರ ಪಕ್ಕ ಕೂತು ಹಾಗೆ ನುಡಿಸಿದರೆ ಯಾರಿಗೆ ತಾನೇ ಕೇಳೋಕಾಗುತ್ತೆ? ಸ್ವರ ಬರದ ಹಾಗೆ ಸುಮ್ನೆ ಉಸಿರು ಊದಿ ಊದಿ ವಾದ್ಯವನ್ನು ಬೆಚ್ಚಗೆ ಮಾಡಿಕೊಳ್ಳುವುದು ಇದೇ ಕಾರಣಕ್ಕೆ.

ಊರಿನ ಮುಖ್ಯ ಭಾಗ ಒಂದು ದ್ವೀಪದ ಮೇಲಿದೆ. ಉದ್ದದ ಸೇತುವೆ ದಾಟಿ ಆಚೆ ದಡಕ್ಕೆ ಹೋದರೆ ಆರ್ಕ್ಟಿಕ್ ಕೆಥೆಡ್ರಲ್ ಅಂತ ಕರೆಯುವ ಚರ್ಚ್. 1965ರದ್ದು, ವಾಸ್ತುಶಿಲ್ಪಿ ಯಾನ್ ಇಂಗೆ ಹೋವಿಗ್. ಬಿಳಿ ತ್ರಿಕೋನಗಳನ್ನು ಒಂದರ ಹಿಂದೊಂದು ನಿಲ್ಲಿಸಿದ ಹಾಗೆ ಕಾಣುತ್ತದೆ. ಸೇತುವೆ ಮೇಲೆ ನಡೆದು ಹೋಗಬಹುದು, ಗಾಳಿ ಮಾತ್ರ ಮುಖಕ್ಕೆ ರಾಚುತ್ತದೆ, ಬಸ್ಸೇ ವಾಸಿ. ಒಳಗಿನ ಪೈಪ್ ಆರ್ಗನ್ 2005ರದ್ದು. ಅದಕ್ಕೆ ಗಾಳಿ ತುಂಬುವ ತಿದಿಗಳಿಗೆ ಹಿಮಸಾರಂಗದ ಚರ್ಮ ಹಾಕಿದ್ದಾರೆ. ಆ ಸೀಮೆಯ ವಾದ್ಯಕ್ಕೆ ಆ ಸೀಮೆಯ ಚರ್ಮ, ನನಗೆ ಬಹಳ ಹಿಡಿಸಿತು.

ಕೇಳುವವರ ಶಿಸ್ತು ನಮಗೆ ಸ್ವಲ್ಪ ಕಷ್ಟವೇ. ಕೋಟು ಹೊರಗೆ ನೇತುಹಾಕಿ ಬಂದು ಕೂತರೆ ಆಮೇಲೆ ಉಸಿರಾಟವೂ ಕೇಳುವುದಿಲ್ಲ. ಭಲೇ ಅನ್ನುವ ಹಾಗಿಲ್ಲ, ತಲೆದೂಗುವವರೂ ಕಮ್ಮಿ. ನನ್ನ ಕೈ ಮಾತ್ರ ತನ್ನಷ್ಟಕ್ಕೇ ತೊಡೆ ಮೇಲೆ ತಾಳ ಹಾಕುತ್ತಿತ್ತು, ಪಕ್ಕದ ಅಜ್ಜಿ ಒಮ್ಮೆ ತಿರುಗಿ ನೋಡಿದರು.

ಅಲ್ಲಿನ ಮೂಲ ನಿವಾಸಿಗಳಾದ ಸಾಮಿ ಜನರ ಯೋಯ್ಕ್ ಹಾಡು ಸಿಕ್ಕರೆ ಬಿಡಬೇಡಿ. ಮಾತು ಕಡಿಮೆ, ಸಣ್ಣದೊಂದು ಸ್ವರದ ಎಳೆ ಸುತ್ತಿ ಸುತ್ತಿ ಬರುತ್ತದೆ. ಒಬ್ಬ ಮನುಷ್ಯನಿಗೇ ಅಂತ ಒಂದು ಯೋಯ್ಕ್ ಇರುತ್ತದೆ. ಅವರ ಲೆಕ್ಕದಲ್ಲಿ ಅದು ಅವನ ಬಗ್ಗೆ ಹಾಡಿದ್ದಲ್ಲ, ಅವನನ್ನೇ ಹಾಡಿದ್ದು. ಹಿಂದೆ ಕ್ರೈಸ್ತ ಪಾದ್ರಿಗಳು ಇದನ್ನು ಪಾಪ ಅಂತ ತಡೆದಿದ್ದರು. ಈಗ ಮಾರಿ ಬೊಯ್ನೆಯಂಥ ಸಾಮಿ ಗಾಯಕಿ ಇದರ ದನಿಯನ್ನು ಜಗತ್ತಿನ ವೇದಿಕೆಗಳಿಗೆ ತಂದಿದ್ದಾರೆ.

ಹೋಗುವವರಿಗೆ ಇನ್ನೊಂದೆರಡು ಮಾತು. ಓಸ್ಲೋದಿಂದ ವಿಮಾನದಲ್ಲಿ ಎರಡು ಗಂಟೆಯೊಳಗೆ ಟ್ರೊಮ್ಸೊ. ಅರೋರಾ ನೋಡುವವರಿಂದ ಹೋಟೆಲ್‌ಗಳು ಮೊದಲೇ ತುಂಬಿರುತ್ತವೆ, ರೇಟೂ ಜೋರು, ಟಿಕೆಟ್‌ಗಿಂತ ಮುಂಚೆ ರೂಮು ನೋಡಿ. ಸಸ್ಯಾಹಾರಿಗಳು ಒಂದಿಷ್ಟು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳಿ. ರಜೆ ಉಳಿದಿದ್ದರೆ ಫೆಬ್ರವರಿ 6ರವರೆಗೆ ಅಲ್ಲೇ ಇರಿ. ಅದು ಸಾಮಿ ಜನರ ರಾಷ್ಟ್ರೀಯ ದಿನ. ಆ ಸುಮಾರಿಗೆ ಊರಿನ ಮುಖ್ಯ ಬೀದಿಯಲ್ಲೇ ಹಿಮಸಾರಂಗಗಳ ಓಟದ ಪಂದ್ಯ ಇಡುತ್ತಾರೆ, ಅದನ್ನು ನೋಡೋಕೆ ಟಿಕೆಟ್ ಬೇಕಾಗಿಲ್ಲ.